ಗುರುಬಸವ ಖಾಲಿ ಮಾಡಿಸಿದ ವರಾಂಡ

ಮನುಷ್ಯನ ಮುಖ ನೋಡಿದರೆ ಸಾಕು, ಅವನು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತಾನೆಂದು ತಾನು ಹೇಳಬಲ್ಲೆ ಎಂಬುದು ಗುರುಬಸವನ ಘೋಷಣೆ. ಬೆಳಗಿನ ಹೊತ್ತು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಚರ್ಚ್‌ಗೇಟ್ ಗಾಡಿ ಹತ್ತುವುದೆಂದರೆ, ತುಂಬಿ ತುಳುಕುವ ಉಪ್ಪಿನಕಾಯಿ ಭರಣಿಗೆ ಇನ್ನೊಂದು ಇಡೀ ಮಾವಿನಕಾಯಿ ತುರುಕಿದ ಹಾಗೆ. ಅಂಥದ್ದರಲ್ಲಿ ಗುರುಬಸವ ಬೇಗ ಇಳಿಯುವವನ ಮುಂದೆಯೇ ನಿಂತು, ಮಾಹೀಮ್ ದಾಟುವುದರೊಳಗೆ ಮಹಾರಾಜನಂತೆ ಕಿಟಕಿ ಪಕ್ಕ ಕೂತಿರುತ್ತಾನೆ.

"ಹುಬ್ಬು ಗಂಟು ಹಾಕ್ಕೊಂಡವ ದಾದರ್. ಚೀಲಾ ಎದಿಗೆ ಅವಚಿಕೊಂಡವ ಬಾಂದ್ರಾ. ಬಾಯಿ ತಕ್ಕೊಂಡು ಮಲಗ್ಯಾನಲ್ಲ, ಅವನ ಆಸೆ ಬಿಡ್ರಿ. ಅವ ಚರ್ಚ್‌ಗೇಟಿನಾಗೂ ಇಳಿಯಂಗಿಲ್ಲ, ಅದೇ ಗಾಡ್ಯಾಗ ವಾಪಸ್ ವಿರಾರ್‌ಕ್ಕ ಹೋಗ್ತಾನ," ಎಂದು ಫೋರ್ಟಿನ ಆಫೀಸಿನಲ್ಲಿ ಅವನು ಪಾಠ ಹೇಳುವುದುಂಟು. (ಒಮ್ಮೆ ಒಬ್ಬ ಮುದುಕನ ಮುಖ ನೋಡಿ, "ನೀವು ಇಳಿಯೋದು ಗ್ರಾಂಟ್ ರೋಡ್, ಆದ್ರ ಛತ್ರಿ ಮರೀತೀರಿ" ಎಂದಿದ್ದನಂತೆ. ಆ ಛತ್ರಿ ಇವತ್ತಿಗೂ ಗುರುಬಸವನ ಮನೆಯಲ್ಲಿದೆ.)

ಇಂಥ ತ್ರಿಕಾಲಜ್ಞಾನಿಗೆ ಮಗಳ ಕಾಲೇಜು ಅಡ್ಮಿಷನ್ನಿನ ಭವಿಷ್ಯ ಹೇಳುವುದು ಯಾವ ಲೆಕ್ಕ?

ಮಗಳು ನೇತ್ರಾ ಹತ್ತನೇ ಕ್ಲಾಸಿನಲ್ಲಿ ಶೇಕಡ ತೊಂಬತ್ತೊಂದು ತೆಗೆದಿದ್ದಳು. ರಿಸಲ್ಟ್ ಬಂದ ದಿನ ಪೇಢೆ ತಿನ್ನುವುದಕ್ಕೂ ಪುರಸೊತ್ತಿಲ್ಲದೆ, ವಕೋಲಾದ ಆ ಒಂದೂವರೆ ಕೋಣೆಯ ಮನೆಯ ನೆಲದ ಮೇಲೆ ಹಿಂದಿನ ವರ್ಷಗಳ ಕಟ್‌ಆಫ್ ಅಂಕಗಳ ಪಟ್ಟಿಗಳನ್ನೆಲ್ಲ ಹರಡಿಕೊಂಡು ಕೂತುಬಿಟ್ಟಳು. ಅವಳಿಗೆ ಬೇಕಾದದ್ದು ವಿಲೆ ಪಾರ್ಲೆಯ ಒಂದು ಕಾಲೇಜಿನ ಸೈನ್ಸ್ ಸೀಟು.

"ಫಸ್ಟ್ ಲಿಸ್ಟ್‌ದಾಗ ನನಗ ಸಿಗಂಗಿಲ್ಲ ಪಪ್ಪಾ. ಸೆಕೆಂಡ್‌ದಾಗ ಶಾಯದ್. ಥರ್ಡ್‌ದಾಗ ಪಕ್ಕಾ," ಎಂದಳು ನೇತ್ರಾ. "ಲೇಕಿನ್ ಫೀಸ್ ಭಾಳ ಅದ. ಬಳಗದ ಸ್ಕಾಲರ್‌ಶಿಪ್ ಸಿಕ್ಕರ ಪಾರ್ಲೆ. ಇಲ್ಲಾಂದ್ರ ಹೈವೇ ಬಾಜೂದ ಕಾಲೇಜು. ಅಲ್ಲಿ ಲ್ಯಾಬಿನಾಗ ಒಂದೇ ಮೈಕ್ರೋಸ್ಕೋಪ್ ಅದ, ಅದಕ್ಕೂ ಬೀಗ."

"ಇಷ್ಟಕ್ಕ ಇಷ್ಟು ಕಾಗದ ಯಾಕ ಬೇಕ? ನನ್ನ ಕೇಳಬೇಕಿಲ್ಲ?"

"ನೀವು ಟ್ರೇನ್ ಹೇಳ್ತೀರಿ. ಇದು ಅಡ್ಮಿಷನ್."

ಬಳಗವೆಂದರೆ ಕೃಷ್ಣಾತೀರ ಬಳಗ. ಬೆಳಗಾವಿ, ಧಾರವಾಡ, ವಿಜಯಪುರ ಕಡೆಯಿಂದ ಬಂದು ಸಾಂತಾಕ್ರೂಜ್ ಸುತ್ತಮುತ್ತ ನೆಲೆಸಿದ ಮಂದಿಯ ಸಂಘ. ವರ್ಷಕ್ಕೆ ಒಬ್ಬರೇ ಒಬ್ಬ ವಿದ್ಯಾರ್ಥಿಗೆ ಎರಡು ವರ್ಷದ ಪೂರ್ತಿ ಫೀಸು ಕೊಡುತ್ತದೆ. ಷರತ್ತು ಒಂದೇ: ಸಂದರ್ಶನದಲ್ಲಿ ತಮ್ಮ ಬಗ್ಗೆ ಕನ್ನಡದಲ್ಲಿ ಮಾತಾಡಬೇಕು.

ಇಲ್ಲಿಯೇ ತೊಡಕು. ನೇತ್ರಾಳ ಶಾಲೆ ಇಂಗ್ಲಿಷು, ಟ್ಯೂಷನ್ನು ಮರಾಠಿ, ಆಟ ಹಿಂದಿ. ಕನ್ನಡ ಬರೀ ಬೈಸಿಕೊಳ್ಳುವುದಕ್ಕೆ. ಹೀಗಾಗಿ ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡಲು ಹೋದರೆ ಮಾತ್ರ ನಾಲಗೆಗೆ ಸಿಗ್ನಲ್ ಬೀಳುತ್ತಿತ್ತು. ಆದರೆ ಹುಡುಗಿ ಹಠಮಾರಿ. ಅಡುಗೆಮನೆಯಲ್ಲಿ ತಾಯಿ ರೂಪಾಲಿಯ ಹಿಂದೆ ನಿಂತು ಮಾತಾಡಿದ್ದೇ ಮಾತಾಡಿದ್ದು. ರೂಪಾಲಿಯೂ ಕಡಿಮೆಯವಳಲ್ಲ, ಬೆಳಗಾವಿಯ ಹೆಣ್ಣು. 'ಪಾನಿ' ಕೇಳಿದರೆ ಕಿವುಡಿಯಾಗುತ್ತಿದ್ದಳು. 'ನೀರು' ಅನ್ನುವವರೆಗೆ ಮನೆಯಲ್ಲಿ ಬರಗಾಲ.

ಗುರುಬಸವ ಬಾಗಿಲಲ್ಲಿ ನಿಂತು ಮಗಳ ಮುಖವನ್ನು ತನ್ನ ಪದ್ಧತಿಯಂತೆ ಅಳೆದ. ಆಮೇಲೆ ಹೆಂಡತಿಯ ಹತ್ತಿರ ಪಿಸುಗುಟ್ಟಿದ.

"ರೂಪಾಲಿ, ಮನಸ್ಸಿಗೆ ಹಚ್ಕೋಬ್ಯಾಡ. ನಮ್ಮ ಹುಡುಗಿದು ಖಾರ್‌ನಾಗ ಇಳಿಯೋ ಮುಖ. ಮುಂದಿನ ಸ್ಟೇಷನ್ನಿಗೇ ಖಲಾಸ್. ಹೋರಾಟದ ಕಳಾ ಇಲ್ಲ."

"ಆ ಮುಖ ನಿಮ್ಮದ ಅದ ರೀ," ಎಂದಳು ರೂಪಾಲಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಕನ್ನಡಿ ನೋಡ್ಕೊಂಡು ಹೇಳಿದ್ರೇನು?"

ಸಂದರ್ಶನದ ಭಾನುವಾರ ಬಂತು. ಬಳಗದ ಸಭಾಗೃಹ ಸ್ಟೇಷನ್ ಹತ್ತಿರದ ಹಳೆ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ. ವರಾಂಡದಲ್ಲಿ ನೇತ್ರಾಳಲ್ಲದೆ ಇನ್ನೂ ಏಳು ಮಂದಿ ಹುಡುಗ ಹುಡುಗಿಯರು, ಜೊತೆಗೆ ಅವರ ಹಿರಿಯರು. ನೇತ್ರಾ ಯಾರನ್ನೂ ನೋಡದೆ, ಅಭ್ಯಾಸ ಮಾಡಿಕೊಳ್ಳಲು ಪಕ್ಕದ ಪುಸ್ತಕದ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಳು.

ಗುರುಬಸವ ವರಾಂಡದ ಈ ತುದಿಯಿಂದ ಆ ತುದಿಗೆ ಒಂದು ಸುತ್ತು ಹಾಕಿದ. ಒಬ್ಬರದಾದರೂ ಇಳಿಯುವ ಮುಖವೇ! ಸಂತು ಎಂಬ ಕನ್ನಡಕದ ಹುಡುಗ, ಅವನ ಪಕ್ಕ ಅವನಪ್ಪ ಶೇಖರ: ಇಬ್ಬರೂ ಮೊಳೆ ಹೊಡೆದ ಹಾಗೆ ಕೂತಿದ್ದರು. ಮೂಲೆಯಲ್ಲಿ ಶ್ರೇಯಾ ಎಂಬ ಹುಡುಗಿ ತನ್ನ ಅಜ್ಜಿ ರಾಚವ್ವನ ಜೊತೆ. ಶೇಕಡ ತೊಂಬತ್ತಾರಂತೆ! ಆ ಹುಡುಗಿಯ ಮುಖದಲ್ಲಿ ಅವನಿಗೆ ನೇರ ಚರ್ಚ್‌ಗೇಟ್ ಕಾಣಿಸಿತು, ಅದರಾಚೆ ಸಮುದ್ರವೂ ಕಾಣಿಸಿತು.

ಇಂಥ ವೇಳೆಗೆ ಲೋಕಲ್ ಗಾಡಿಯಲ್ಲಿ ಒಂದು ಬ್ರಹ್ಮಾಸ್ತ್ರವಿದೆ. ಯಾರೂ ಏಳುವ ಲಕ್ಷಣ ಕಾಣದಿದ್ದರೆ, "ಗಾಡಿ ಫಾಸ್ಟ್ ಆತಂತ, ನಡುವ ಎಲ್ಲೂ ನಿಲ್ಲಂಗಿಲ್ಲಂತ" ಎಂದು ಗಾಳಿಯಲ್ಲಿ ಒಂದು ಮಾತು ಬಿಡುವುದು. ಅರ್ಧ ಡಬ್ಬಿ ತಾನಾಗಿ ಧುಮುಕುತ್ತದೆ. ಗುರುಬಸವ ಶೇಖರನ ಪಕ್ಕ ಕೂತು, ಸತ್ತವರ ಮನೆಗೆ ಬಂದವನಂತೆ ನಿಟ್ಟುಸಿರು ಬಿಟ್ಟ.

"ಈ ಸಲ ಭಾಳ ಕಡಕ್ ಮಾಡ್ಯಾರಂತ ನೋಡ್ರಿ."

"ಮತಲಬ್?" ಎಂದ ಶೇಖರ.

"ಹಾಂ, ಅದ ನೋಡ್ರಿ, ಆ ಮತಲಬ್ ಅಂದ್ರಲ್ಲ, ಅಲ್ಲಿಗೆ ಔಟ್. ಕನ್ನಡದ ನಡುವ ಒಂದ ಒಂದು ಹಿಂದಿ, ಇಂಗ್ಲಿಷ್ ಶಬ್ದ ಬಂದ್ರೂ ಮನೀಗೆ ಕಳಸ್ತಾರಂತ."

"ಹುಡುಗರನ್ನ?"

ಗುರುಬಸವ ಧೈರ್ಯ ಮಾಡಿ ಹೇಳಿಯೇಬಿಟ್ಟ: "ತಂದಿ ತಾಯಿಗೂ ಪರೀಕ್ಷಾ ಅದ ಅಂತ."

ಮಕ್ಕಳಿಗಿಂತ ಅಪ್ಪಂದಿರು ಹೆಚ್ಚು ಹೆದರಿದರು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಯಾವ ಕನ್ನಡದ ಗಂಡಸು 'ಮತಲಬ್', 'ಚಲೋ', 'ಟೆನ್ಶನ್' ಇಲ್ಲದೆ ಒಂದು ವಾಕ್ಯ ಮುಗಿಸಿಯಾನು? ಮಾತು ವರಾಂಡದಲ್ಲಿ ಹರಿಯಿತು, ಹರಿಯುತ್ತ ಬೆಳೆಯಿತು. ಮೂರನೇ ಕುರ್ಚಿ ಮುಟ್ಟುವಾಗ ಏಳು ತಲೆಮಾರಿನ ಹೆಸರು ಒಂದೇ ಉಸಿರಿಗೆ ಹೇಳಬೇಕೆಂದಾಗಿತ್ತು. ಕೊನೆಯ ಕುರ್ಚಿ ಮುಟ್ಟುವಾಗ ತಪ್ಪಿದವರ ಫೋಟೋ ನೋಟೀಸ್ ಬೋರ್ಡಿಗೆ ಹಚ್ಚುತ್ತಾರೆಂದೂ ಆಗಿತ್ತು. ಒಬ್ಬ ಅಪ್ಪನಿಗೆ ಹಠಾತ್ತಾಗಿ ಹೊಟ್ಟೆನೋವು ಬಂತು. ಒಬ್ಬ ತಾಯಿಗೆ ಗ್ಯಾಸು ಆರಿಸಿಲ್ಲವೆಂದು ನೆನಪಾಯಿತು. ಶೇಖರ ಮಗನ ತೋಳು ಹಿಡಿದು, "ನಡಿ ಸಂತು, ಚಲೋ, ಯೇ ಅಪನಾ ಕಾಮ್ ನಹೀಂ," ಎಂದು ಮೆಟ್ಟಿಲಿಳಿದ. ರಾಚವ್ವನಿಗೆ ಕನ್ನಡದ ಭಯವಿರಲಿಲ್ಲ. ಅವಳಿಗೆ ಬೇರೆ ಭಾಷೆಯೇ ಬರುತ್ತಿರಲಿಲ್ಲ. ಆದರೆ ಮೊಮ್ಮಗಳು ಶ್ರೇಯಾ ಬೆವತು ಹೋಗಿ ಅಜ್ಜಿಯ ಸೆರಗು ಹಿಡಿದು ಎಳೆದಳು. ಅವರೂ ಹೋದರು.

ವರಾಂಡ ಖಾಲಿ. ಗುರುಬಸವ ಖಾಲಿ ಕುರ್ಚಿಗಳ ನಡುವೆ ಕಾಲು ಚಾಚಿ ಕೂತು, ಸ್ವರ್ಗದಲ್ಲಿ ಕಿಟಕಿ ಸೀಟು ಸಿಕ್ಕವನಂತೆ ಮುಗುಳ್ನಕ್ಕ.

ಒಳಗಿನಿಂದ ಬಳಗದ ಅಧ್ಯಕ್ಷ ಸಿದ್ದರಾಮಪ್ಪನವರು ಬಂದರು. ಪುಸ್ತಕದ ಕೋಣೆಯಿಂದ ನೇತ್ರಾಳೂ ಹೊರಬಂದಳು.

"ಉಳದವರು ಎಲ್ಲಿ?" ಎಂದರು ಸಿದ್ದರಾಮಪ್ಪ.

"ಹೋದ್ರು ರೀ ಸಾಹೇಬ್ರ. ಇವತ್ತಿನ ಹುಡುಗರಿಗೆ ತಾಳ್ಮಿ ಇಲ್ಲ. ನಮ್ಮಾಕಿ ಒಬ್ಬಾಕಿನ ನಿಂತಾಳ ನೋಡ್ರಿ," ಎಂದ ಗುರುಬಸವ ವಿನಯದಿಂದ.

"ಹಂಗಾದ್ರ ಸಂದರ್ಶನ ಇಲ್ಲ. ಸ್ಕಾಲರ್‌ಶಿಪ್ ಮುಂದಿನ ವರ್ಷಕ್ಕ."

"ಅಂದ್ರ?"

"ಕಮ್ಮಿಯಂದ್ರ ಮೂರು ಮಂದಿ ಇರಬೇಕಂತ ನಿಯಮ ಅದ. ಹಿಂದಕ ಒಂದ್ಸಲ ನಮ್ಮ ಖಜಾಂಚಿ ಮಗ ಒಬ್ಬನ ಅರ್ಜಿ ಹಾಕಿ ಮೊದಲನೇ ನಂಬರ್ ಬಂದಿದ್ದ. ಭಾಳ ಮಾತು ಕೇಳಬೇಕಾತು. ನೀವು ಆಫೀಸಿನಾಗ ಏನ್ ಕೆಲಸ ಮಾಡ್ತೀರಿ?"

"ಪರ್ಚೇಸ್ ಡಿಪಾರ್ಟ್‌ಮೆಂಟ್," ಎಂದ ಗುರುಬಸವ ಸಣ್ಣ ದನಿಯಲ್ಲಿ.

"ಮತ್ತ? ಮೂರು ಕೊಟೇಶನ್ ಇಲ್ಲದ ಒಂದು ಮುರುಕ ಕುರ್ಚಿ ತೊಗೋತೀರೇನು?"

ನೇತ್ರಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಇಡೀ ಪಶ್ಚಿಮ ರೈಲ್ವೆಯ ಮುಖಗಳನ್ನು ಓದಿದವನ ಮುಖವನ್ನು ಆ ಹದಿನೈದರ ಹುಡುಗಿ ಅರ್ಧ ನಿಮಿಷದಲ್ಲಿ ಓದಿ ಮುಗಿಸಿದಳು.

"ಪಪ್ಪಾ, ಅವರನ್ನ ನೀವು ಓಡಿಸಿದ್ರಿ?"

"ಓಡಸಲಿಲ್ಲವಾ. ಒಂದೀಟು... ಸುದ್ದಿ ಹೇಳಿದೆ."

"ನಾ ಸೋಲ್ತೀನಿ ಅಂತ ಅನ್ಕೊಂಡ್ರಿ. ಹೌದಿಲ್ಲೋ?"

ಗುರುಬಸವ ತನ್ನ ಚಪ್ಪಲಿ ನೋಡಿಕೊಂಡ. ಅವುಗಳ ಮುಖದಲ್ಲೂ ಅವನಿಗೆ ಏನೂ ಕಾಣಲಿಲ್ಲ.

"ಹೋಗ್ರಿ. ಕರ್ಕೊಂಡು ಬರ್ರಿ," ಎಂದಳು ನೇತ್ರಾ. "ಯಾರರೇ ಸಿಕ್ಕವರನ್ನ ಅಲ್ಲ. ಆ ಶ್ರೇಯಾನ್ನ ಕರ್ಕೊಂಡು ಬರ್ರಿ. ಬಾಗಿಲಿಗೆ ಹಚ್ಚಿದ ಲಿಸ್ಟಿನಾಗ ಮಾರ್ಕ್ಸ್ ನೋಡೀನಿ, ಆಕಿನ ಎಲ್ಲಾರಕಿಂತ ಹುಷಾರ್ ಅದಾಳ."

ಸಿದ್ದರಾಮಪ್ಪನವರು ಹುಡುಗಿಯನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ, "ನಾವು ಚಾ ಕುಡಿಯೋ ತನಕ ಟೈಮ್ ಅದ," ಎಂದರು.

ಗುರುಬಸವ ಓಡಿದ. ಮೀನಿನ ಬುಟ್ಟಿಗಳ ಮೇಲೆ, ರಿಕ್ಷಾಗಳ ನಡುವೆ, ಒಂದು ಮದುವೆ ಮೆರವಣಿಗೆಯ ಕುದುರೆಯ ಹೊಟ್ಟೆಯ ಕೆಳಗೆ ಓಡಿದ. (ಕುದುರೆಯ ಮಾತನ್ನು ನಾನು ನಂಬಿಲ್ಲ, ಅವನೇ ಹೇಳಿದ್ದು.) ಯಾರು ಎಲ್ಲಿ ಇಳಿಯುತ್ತಾರೆಂದು ಬಲ್ಲವನಿಗೆ ಈಗ ಯಾರು ಎಲ್ಲಿ ಹತ್ತುತ್ತಾರೆಂದೇ ಗೊತ್ತಾಗುತ್ತಿಲ್ಲ! ಐದು ಮಂದಿ ಆಗಲೇ ಮಾಯ. ಶೇಖರ ಮತ್ತು ಸಂತು ಸ್ಟೇಷನ್ ಹೊರಗೆ ವಡಾಪಾವ್ ಗಾಡಿಯ ಮುಂದೆ ಸಿಕ್ಕರು. ಸುದ್ದಿ ಸುಳ್ಳೆಂದು ಒಪ್ಪಿಕೊಂಡು, ಇನ್ನೆರಡು ವಡಾಪಾವ್ ಕೊಡಿಸಿದ ಮೇಲೆ ಅವರು ತಿರುಗಿದರು. ಶ್ರೇಯಾಳ ಅಜ್ಜಿ ರಾಚವ್ವ ಮಾತ್ರ ಸ್ಟೇಷನ್ನಿನ ಸೇತುವೆಯ ನಟ್ಟನಡುವಿನ ಮೆಟ್ಟಿಲ ಮೇಲೆ, ಜನಪ್ರವಾಹಕ್ಕೆ ಅಡ್ಡಲಾಗಿ ಬಂಡೆಯಂತೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು.

"ಅಜ್ಜೀ, ಬರ್ರಿ, ಸಂದರ್ಶನ ಶುರು ಆಗ್ತದ!"

"ಆಗಲೇ ಹೋಗ್ರಿ ಅಂದಿ, ಈಗ ಬರ್ರಿ ಅಂತಿ. ನೀ ಏನ್ ಮನಶ್ಯಾನೋ, ಸ್ಟೇಷನ್ನಿನ ಇಂಡಿಕೇಟರೋ?"

"ತಪ್ಪಾತ್ರೀ ಅಜ್ಜಿ. ಅದು ಬರೇ ಸುಳ್ಳು. ಶಬ್ದ ಗಿಬ್ದ ಏನೂ ಎಣಸಂಗಿಲ್ಲ."

"ನಿನಗೇನು ಲಾಭ ಇದರಾಗ?"

"ನನ್ನ ಮಗಳು ಕರೀಲಿಕ್ಕೆ ಕಳಿಸ್ಯಾಳ್ರಿ. ನಿಮ್ಮ ಮೊಮ್ಮಗಳು ಭಾಳ ಹುಷಾರ್ ಅದಾಳಂತ."

ಅಜ್ಜಿಯ ಪಕ್ಕ ಕೂತಿದ್ದ ಶ್ರೇಯಾ ತಟ್ಟನೆ ತಲೆಯೆತ್ತಿ ನೋಡಿದಳು. ರಾಚವ್ವನೂ ನೋಡಿದಳು. "ಹಂಗಂದ್ಲಾ? ಹಂಗಾರ ನಿನ್ನ ಮಗಳನ್ನ ನೋಡಬೇಕಾತು. ಹಿಡಿ, ಚೀಲಾ ಹಿಡಿ. ಕೈನೂ ಹಿಡಿ."

ಎರಡನೇ ಮಾಳಿಗೆಗೆ ರಾಚವ್ವನನ್ನು ಹತ್ತಿಸುವುದೆಂದರೆ ಗೋಲಗುಮ್ಮಟವನ್ನು ತಳ್ಳಿಕೊಂಡು ಹತ್ತಿಸಿದಂತೆಯೇ ಆಯಿತು. ಚಾ ಕುಡಿದು ಮುಗಿದಿತ್ತು, ಆದರೆ ಸಿದ್ದರಾಮಪ್ಪನವರು ಖಾಲಿ ಕಪ್ಪನ್ನೇ ಹೀರುತ್ತ ಕಾಯುತ್ತಿದ್ದರು.

ಮೊದಲು ಸಂತು ಹೋಗಿ ಬಂದ. ಆಮೇಲೆ ಶ್ರೇಯಾ ಹೋದಳು, ಬಹಳ ಹೊತ್ತು ಒಳಗಿದ್ದು ನಗುತ್ತ ಬಂದಳು. ಕೊನೆಗೆ ನೇತ್ರಾ. ಗುರುಬಸವ ಬಾಗಿಲಿಗೆ ಕಿವಿ ಹಚ್ಚಿದ. ಅವನ ಹೆಗಲ ಮೇಲಿಂದ ರಾಚವ್ವನೂ ಹಚ್ಚಿದಳು.

"ನಿನ್ನ ಕನ್ನಡ ತಡೆತಡೆದು ಬರ್ತದಲ್ಲವಾ," ಎಂದಿತು ಸಿದ್ದರಾಮಪ್ಪನವರ ದನಿ.

"ಹೌದ್ರಿ. ಸ್ಲೋ ಲೋಕಲ್ ಅದ. ಎಲ್ಲಾ ಕಡೆ ನಿಲ್ತದ. ಆದ್ರ... ಮುಟ್ಟತದ."

ಒಳಗೆ ನಗು. ಮುಂದೆ ನೇತ್ರಾ ನಿಂತು ನಿಂತು, ಆದರೆ ಎಲ್ಲೂ ಹಿಂದೆ ಸರಿಯದೆ, ಎಲ್ಲ ಹೇಳಿದಳು. ಯಾವ ಲಿಸ್ಟಿನಲ್ಲಿ ತನಗೆ ಸೀಟು ಸಿಗುವುದಿಲ್ಲ, ಯಾವುದರಲ್ಲಿ ಸಿಗಬಹುದು. ಸಿಕ್ಕರೆ ಏನು ಓದುತ್ತಾಳೆ. ಸ್ಕಾಲರ್‌ಶಿಪ್ ಸಿಗದೆ ಹೈವೇ ಬಾಜೂದ ಕಾಲೇಜಿಗೆ ಹೋದರೆ ಆ ಮೈಕ್ರೋಸ್ಕೋಪಿನ ಬೀಗದ ಕೈ ಯಾರ ಹತ್ತಿರ ಇದೆ, ಅವರನ್ನು ಯಾವ ಹೊತ್ತಿಗೆ ಹಿಡಿಯಬೇಕು ಎಂಬುದನ್ನೂ ಆಗಲೇ ಹೋಗಿ ವಿಚಾರಿಸಿಕೊಂಡು ಬಂದಿದ್ದಳು!

"ಒಂದಕ್ಕೂ ಉತ್ತರ ಇಲ್ಲ ಅನ್ನಲಿಲ್ಲ ಹುಡುಗಿ," ಎಂದರು ಸಿದ್ದರಾಮಪ್ಪ, ಹೊರಗೆ ಬಂದು ಹೆಸರು ಹೇಳುವಾಗ. "ಮಾರ್ಕ್ಸು ಶ್ರೇಯಾಂದು ಹೆಚ್ಚು. ಆದ್ರ ಎಲ್ಲಿ ಹೊಂಟೀನಿ ಅಂತ ಪೂರಾ ಗೊತ್ತಿದ್ದಾಕಿ ನೇತ್ರಾ. ಈ ವರ್ಷ ಆಕಿಗೆ."

ರಾಚವ್ವ ಕುಂಟುತ್ತ ಬಂದು ನೇತ್ರಾಳ ಎರಡೂ ಗಲ್ಲ ಹಿಡಿದು ಲಟಿಕೆ ಮುರಿದಳು. "ನನ್ನ ಮೊಮ್ಮಗಳು ಸೋತದ್ದಕ್ಕ ಹೊಟ್ಯಾಗ ಉರೀತದ. ಆದ್ರೂ ಶಾಣ್ಯಾ ಇದ್ದಿ. ಇಂಥಾ ಅಪ್ಪನ್ನ ಕೂಡ ಕರ್ಕೊಂಡು ಬಂದೂ ಗೆದ್ದಿಯಲ್ಲ!"

ಮನೆಯ ದಾರಿಯಲ್ಲಿ ಗುರುಬಸವ ವಕೋಲಾ ನಾಕಾದ ಸಿಗ್ನಲ್‌ವರೆಗೆ ತಲೆ ತಗ್ಗಿಸಿಕೊಂಡು ಮಗಳ ಹಿಂದೆ ನಡೆದ. ಆದರೆ ಸ್ವಭಾವ ಎಲ್ಲಿಗೆ ಹೋಗುತ್ತದೆ? ಸಿಗ್ನಲ್ ದಾಟುವುದರೊಳಗೆ ಎದೆ ಮತ್ತೆ ಉಬ್ಬಿತು.

"ನೋಡವಾ ನೇತ್ರಾ, ಒಂದು ಮಾತು ಒಪ್ಪಬೇಕು. ನಾ ತಪ್ಪು ಮಾಡಿದೆ, ಖರೆ. ಆದ್ರ ಏಳು ಮಂದಿ ಇದ್ರು, ನನ್ನಿಂದ ಎರಡಕ್ಕ ಬಂದ್ರು. ನಿನ್ನ ಕೆಲಸ ಎಷ್ಟು ಹಗರ ಆತು! ಇದರಾಗ ಸ್ವಲ್ಪರೇ ಪಾಲು ನಂದು ಹೌದಿಲ್ಲೋ?"

ನೇತ್ರಾ ನಡೆಯುವುದನ್ನು ನಿಲ್ಲಿಸದೆ, ಈ ಸಲ ಒಂದು ಕಡೆಯೂ ತಡೆಯದೆ ಹೇಳಿದಳು:

"ನಾ ಏಳೂ ಮಂದೀನ ಸೋಲಸಾಕ ತಯಾರಾಗಿ ಬಂದಿದ್ದೆ ಪಪ್ಪಾ. ನಿಮ್ಮಿಂದ ಐದು ಮಂದಿ ಬಚಾವಾದ್ರು."