ಮೂಲೆಯ ದೊಡ್ಡ ಯಂತ್ರದವರ ಸದ್ದಿನ ಬಗ್ಗೆ, ಈಗ ಸದ್ದಿಲ್ಲದಿರುವುದರ ಬಗ್ಗೆ

ಇವರಿಗೆ,
ಬಟ್ಟೆ ಒಗೆಯುವ ದೊಡ್ಡ ಯಂತ್ರದವರು,
ಕಿಟಕಿಯ ಪಕ್ಕದ ಮೂಲೆ,
ನಮ್ಮ ಬೀದಿಯ ಲಾಂಡ್ರಿ.

ವಿಷಯ: ತಾವು ವಿಪರೀತ ಸದ್ದು ಮಾಡುತ್ತಿದ್ದ ಬಗ್ಗೆ, ಮತ್ತು ನನ್ನದೇ ದೂರಿನ ಮೇರೆಗೆ ಈಗ ಅದನ್ನು ನಿಲ್ಲಿಸಿರುವ ಬಗ್ಗೆ.

ಮಾನ್ಯರೇ,

ಬೀದಿಯ ಕೊಳೆಯನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ನಮ್ಮೆಲ್ಲರ ಮಾನ ಕಾಯುತ್ತಿರುವ ತಮಗೆ, ನಮ್ಮ ಮನೆಯ ಸಮಸ್ತ ಚಾದರ, ಹೊದಿಕೆ ಮತ್ತು ದಿಂಬಿನ ಚೀಲಗಳ ಪರವಾಗಿ ಅನಂತ ನಮಸ್ಕಾರಗಳು. ಮೊನ್ನೆ ಮೆಕ್ಯಾನಿಕ್ ಬಂದು ಹೋದಮೇಲೆ ತಮ್ಮ ಆರೋಗ್ಯ ಪೂರ್ತಿ ಸುಧಾರಿಸಿದೆಯೆಂದು ಲಾಂಡ್ರಿಯ ಅಕ್ಕ ಹೇಳಿದರು. ಕೇಳಿ ತುಂಬ ಬೇಸರವಾಯಿತು. ಚೇತರಿಸಿಕೊಂಡವರಿಗೆ ಹೀಗೆ ಬರೆಯುವುದು ಸಭ್ಯತೆಯಲ್ಲವೆಂದು ಬಲ್ಲೆ. ಆದರೆ ತಮ್ಮದೂ ನನ್ನದೂ ಇಂದು ನಿನ್ನೆಯ ಪರಿಚಯವಲ್ಲವಾದ್ದರಿಂದ, ಮನಸ್ಸಿನಲ್ಲಿರುವುದನ್ನು ಮುಚ್ಚುಮರೆಯಿಲ್ಲದೆ ಅರಿಕೆ ಮಾಡಿಕೊಂಡು, ಬಟ್ಟೆ ತರುವವರೆಲ್ಲ ಓದಿಕೊಳ್ಳಲಿ ಎಂದು ಈ ಪತ್ರವನ್ನು ತಮ್ಮ ಮೈಮೇಲೆಯೇ ಅಂಟಿಸುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತಿಲ್ಲದಿರಲಾರದು. ಶನಿವಾರ ಸಂಜೆ ತುಂಬಿದ ಮನೆಯ ಚಾದರಗಳ ಮೂಟೆಯನ್ನು ಏದುಸಿರು ಬಿಡುತ್ತ ಹೊತ್ತು ತಂದು, ಚಿಕ್ಕ ಯಂತ್ರಗಳಲ್ಲಿ ಹಿಡಿಸದ ಕಾರಣ ತಮ್ಮ ಬಾಯಿಗೇ ತುರುಕುವವಳು ನಾನೇ. ವಾರದ ಉಳಿದ ದಿನ ಕನ್ನಡಕದ ಅಂಗಡಿಯಲ್ಲಿ ನಿಂತಿರುತ್ತೇನೆ. ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲು ಕಾಣಿಸದಿದ್ದರೂ ಕಾಣಿಸುತ್ತಿಲ್ಲವೆಂದು ಒಪ್ಪಿಕೊಳ್ಳಲು ನಾಚಿ, ಬಾಯಿಗೆ ಬಂದ ಅಕ್ಷರ ಹೇಳಿಬಿಡುವ ಗಿರಾಕಿಗಳಿಗೆ ‘ಊಹೆ ಬೇಡ, ಕಾಣಿಸಿದಷ್ಟು ಹೇಳಿ’ ಎನ್ನುವುದು ನನ್ನ ಕಸುಬು. ಇಷ್ಟು ವರ್ಷ ಆ ಕಸುಬು ಮಾಡಿಯೂ ಶನಿವಾರದ ಮಟ್ಟಿಗೆ ನನಗೆ ಬುದ್ಧಿ ಬರಲಿಲ್ಲವೆನ್ನುವುದು ಮುಂದೆ ತಿಳಿಯುತ್ತದೆ.

ತಮ್ಮ ಎದುರಿನ ಎರಡು ಬೆಂಚುಗಳ ಮೇಲೆ ಶನಿವಾರ ಸೇರುವ ನಮ್ಮ ಬರಹಗಾರರ ಗುಂಪಿನಲ್ಲಿ ಇನ್ನೂ ಯಾರೂ ಬರಹಗಾರರಾಗಿಲ್ಲ. ಆಗಲಿದ್ದೇವೆ. ಬಟ್ಟೆ ತಂದವರನ್ನು ಎಬ್ಬಿಸುವಂತಿಲ್ಲವೆನ್ನುವುದು ಲಾಂಡ್ರಿಯ ಅಕ್ಕನ ನಿಯಮವಾದ್ದರಿಂದ ನಮಗೆ ಇದಕ್ಕಿಂತ ಒಳ್ಳೆಯ ಸಭಾಂಗಣ ಸಿಕ್ಕಿಲ್ಲ. ಒಬ್ಬರು ಇನ್ನೊಬ್ಬರನ್ನು ‘ಎಲ್ಲಿಗೆ ಬಂತು?’ ಎಂದು ಕೇಳುತ್ತೇವೆ, ಅವರು ‘ಬರ್ತಾ ಇದೆ’ ಎನ್ನುತ್ತಾರೆ, ಆಮೇಲೆ ಆ ವಾರ ಬರೆದದ್ದನ್ನು ಓದಿ ತೋರಿಸುತ್ತಾರೆ. ಓದುತ್ತಿರುವವರಿಗೆ ‘ಸಾಕು ನಿಲ್ಸಿ’ ಎನ್ನುವಷ್ಟು ಗುಂಡಿಗೆ ನಮ್ಮಲ್ಲಿ ಯಾರಿಗೂ ಇಲ್ಲದ ಕಾರಣ, ಅವರವರ ಬಟ್ಟೆ ತಿರುಗುವಷ್ಟು ಹೊತ್ತು ಅವರವರು ಓದಬಹುದು, ಯಂತ್ರ ನಿಂತರೆ ಬಾಯಿಯೂ ನಿಲ್ಲಬೇಕು ಎಂಬ ಕಟ್ಟಳೆ ಮಾಡಿಕೊಂಡಿದ್ದೇವೆ. ಓದುವವರು ತಂತಮ್ಮ ಯಂತ್ರದ ಪಕ್ಕದಲ್ಲೇ ನಿಂತಿರಬೇಕೆನ್ನುವುದೂ ಅದರಲ್ಲೇ ಸೇರಿದೆ. ಇಲ್ಲದಿದ್ದರೆ ಕೆಲವರು ಇನ್ನೊಬ್ಬರ ಕಂಬಳಿಯ ಲೆಕ್ಕದಲ್ಲಿ ಓದಿಬಿಡುತ್ತಾರೆ.

ನಮ್ಮ ಪೈಕಿ ಔಷಧಿ ಅಂಗಡಿಯವರು ಒಂದು ಮಾಯಾಲೋಕದ ಮಹಾ ಕಾದಂಬರಿ ಬರೆಯುತ್ತಿದ್ದಾರೆ. ಸದ್ಯಕ್ಕೆ ಅದರ ನಕಾಶೆ ನಡೆಯುತ್ತಿದೆ. ಹೋದ ತಿಂಗಳು ಅವರು ಹೊಸದಾಗಿ ಒಂದು ನದಿ ಹರಿಸಿದ್ದರಿಂದ ರಾಜಧಾನಿಯನ್ನು ಎತ್ತಿ ಬೇರೆ ಕಡೆ ಇಡಬೇಕಾಯಿತು, ಹಾಗಾಗಿ ರಾಜನ ಜನನ ಮತ್ತೆ ಮುಂದಕ್ಕೆ ಹೋಗಿದೆ. ಟೀಚರಮ್ಮ ಪತ್ತೇದಾರಿ ಬರೆಯುತ್ತಾರೆ. ಆ ವಾರ ಶಾಲೆಯಲ್ಲಿ ಯಾರು ಅವರ ಜತೆ ಜಗಳ ಆಡಿದರೋ ಅವರೇ ಆ ವಾರದ ಕೊಲೆಗಾರ. ಡ್ರೈವರಣ್ಣ ಹಗಲೆಲ್ಲ ಬಸ್ಸು ಓಡಿಸಿ, ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ವಾಹನದವರ ಮುಖಗಳನ್ನು ಕಣ್ಣಲ್ಲೇ ಕದ್ದು ತಂದು ಕಾಮಿಕ್ಸ್ ಬರೆಯುತ್ತಾರೆ. ಅವರ ಗೆರೆಯಲ್ಲಿ ಜೀವವಿದೆ, ಕಥೆ ಕಟ್ಟುವುದು ಮಾತ್ರ ಅವರ ಕೈಲಾಗದು. ಹೀಗಾಗಿ ನಾವು ಎಲ್ಲರೂ ಸೇರಿ ಹೊರತರುವ ಪುಸ್ತಕಕ್ಕೆ ಅವರು ನನ್ನದೊಂದು ಕಥೆಯನ್ನು ಚಿತ್ರಗಳಲ್ಲಿ ಹೇಳುವುದೆಂದು ತೀರ್ಮಾನವಾಗಿತ್ತು.

ಇನ್ನು ನನ್ನ ವಿಷಯ. ನಾನು ದುಃಖಾಂತ ಕಥೆಗಳ ಲೇಖಕಿ. ನನ್ನ ಕಥೆಗಳಲ್ಲಿ ಜನ ಮೊದಲಿನಿಂದ ನಗುನಗುತ್ತ ಓಡಾಡಿಕೊಂಡು, ಒಬ್ಬರ ಕಾಲು ಒಬ್ಬರು ಎಳೆಯುತ್ತ ಇರುತ್ತಾರೆ. ಕೊನೆಯ ಪ್ಯಾರಾದಲ್ಲಿ ತಪ್ಪದೆ ಯಾರಾದರೂ ತೀರಿಕೊಳ್ಳುತ್ತಾರೆ. ಗಡಿಯಾರ ರಿಪೇರಿಯವನು ತೀರಿಕೊಂಡ, ಗಿಡ ಮಾರುವ ಅಜ್ಜಿ ತೀರಿಕೊಂಡಳು, ರಾಂಗ್ ನಂಬರಿನಿಂದ ಪ್ರೀತಿಗೆ ಬಿದ್ದ ಜೋಡಿಯಲ್ಲಿ ಇಬ್ಬರೂ ತೀರಿಕೊಂಡರು, ಬೇರೆ ಬೇರೆ ಊರಿನಲ್ಲಿ. ಇವರೆಲ್ಲರ ನಂತರ, ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದದ್ದು ಲಿಫ್ಟ್ ನಡೆಸುವವರ ಕಥೆ. ದೊಡ್ಡ ಕಚೇರಿಯೊಂದರ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂತು ಜೀವಮಾನವಿಡೀ ಬೇರೆಯವರನ್ನು ಮೇಲೆ ಮುಟ್ಟಿಸಿದ ಮನುಷ್ಯ ಅವರು. ಲಿಫ್ಟು ಕೊನೆಯ ಮಹಡಿಯವರೆಗೆ ಮಾತ್ರ ಹೋಗುತ್ತಿತ್ತು, ತಾರಸಿಗೆ ಅಲ್ಲಿಂದ ಮೆಟ್ಟಿಲು ಹತ್ತಬೇಕಿತ್ತು, ಹತ್ತಿದರೆ ಊರೆಲ್ಲ ಕಾಣುತ್ತದಂತೆ ಎಂದು ಅವರು ಕೇಳಿ ಬಲ್ಲರೇ ಹೊರತು, ಸ್ಟೂಲು ಬಿಟ್ಟು ಏಳುವಂತಿಲ್ಲದ ಕೆಲಸವಾದ್ದರಿಂದ ಒಮ್ಮೆಯೂ ಹತ್ತಿದವರಲ್ಲ. ಒಂದು ಮಧ್ಯಾಹ್ನ ಆ ಸ್ಟೂಲಿನ ಮೇಲೆ ಕೂತ ಹಾಗೆಯೇ ಹೋಗಿಬಿಟ್ಟರು. ಊಟದ ಡಬ್ಬಿ ಇನ್ನೂ ತೆರೆದಿರಲಿಲ್ಲ. ಕಥೆಯಲ್ಲೂ ಹೀಗೆಯೇ, ನಮ್ಮ ಮನೆಯಲ್ಲೂ ಹೀಗೆಯೇ. ಅವರು ನನ್ನ ಅಪ್ಪ. ಇದನ್ನು ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ, ಈಗ ತಮ್ಮ ಮುಖಾಂತರ ಹೇಳುತ್ತಿದ್ದೇನೆ. ನಮ್ಮಮ್ಮನಂತೂ ‘ಅದನ್ನ ನನ್ನ ಮುಂದೆ ಮಾತ್ರ ಓದಬೇಡ ಕಣೇ’ ಎಂದು ಮೊದಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ತಮ್ಮ ಮಹತ್ಕಾರ್ಯ ಆರಂಭವಾಗುವುದು ಇಲ್ಲಿಂದ. ಕೊಟ್ಟ ಹೊತ್ತನ್ನು ಪೋಲು ಮಾಡಬಾರದೆಂದು ನಾನು ಬಟ್ಟೆ ಹಾಕಿದೊಡನೆ ಓದಲು ಶುರುಮಾಡಿ ತಾವು ನಿಲ್ಲುವ ಹೊತ್ತಿಗೆ ಸರಿಯಾಗಿ ಮುಗಿಸುವುದನ್ನು ರೂಢಿ ಮಾಡಿಕೊಂಡಿದ್ದೆ. ನೆನೆಸುವಾಗ ತಾವು ಸದ್ದಿಲ್ಲದ ಸಾಧು, ಒಗೆಯುವಾಗ ಒಳ್ಳೆಯ ಶ್ರೋತೃ. ಆದರೆ ಹಿಂಡುವ ಸುತ್ತು ಬಂತೆಂದರೆ, ಅಂದರೆ ನನ್ನ ಕೊನೆಯ ಪ್ಯಾರಾ ಬಂತೆಂದರೆ, ತಮಗೆ ಎಲ್ಲಿಲ್ಲದ ಆವೇಶ ಬಂದು, ನೆಲ ನಡುಗಿಸುತ್ತ, ಕಿಟಕಿಯ ಗಾಜು ಗದಗುಟ್ಟಿಸುತ್ತ, ಗೋಡೆ ಬಿಟ್ಟು ನನ್ನತ್ತ ತೆವಳಿಕೊಂಡು ಬರುತ್ತಿದ್ದಿರಿ. ನಾನು ತಲೆ ತಗ್ಗಿಸಿ ಒಬ್ಬೊಬ್ಬರನ್ನೇ ಸಾಯಿಸುತ್ತಿದ್ದೆ. ತಲೆಯೆತ್ತಿದರೆ ಎಲ್ಲರೂ ನಗುಮುಖದಿಂದ ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟು ಜನ ಸತ್ತರೂ ಇವರಿಗೆ ಒಂದು ತೊಟ್ಟು ಕಣ್ಣೀರಿಲ್ಲವಲ್ಲ, ಎಂಥ ಕಲ್ಲೆದೆಯವರ ಸಹವಾಸಕ್ಕೆ ಬಿದ್ದೆ ಎಂದುಕೊಳ್ಳುತ್ತ ಚಾದರ ಹೊತ್ತು ಮನೆಗೆ ಹೋಗುತ್ತಿದ್ದೆ. ಅವರು ನನಗೆ ‘ನಗುವಿನಕ್ಕ’ ಎಂದು ಹೆಸರಿಟ್ಟಿದ್ದನ್ನು ಕುಹಕವೆಂದೇ ನಂಬಿದ್ದೆ.

ನಿಜ ಹೊರಬಿದ್ದದ್ದು ಡ್ರೈವರಣ್ಣ ಚಿತ್ರದ ಪುಟಗಳನ್ನು ತಂದ ದಿನ. ‘ನೀವು ಓದಿದ ಹಾಗೇ ಬರ್ದಿದೀನಿ ಅಕ್ಕಾ, ಒಂದು ಗೆರೆ ಹೆಚ್ಚುಕಮ್ಮಿ ಇಲ್ಲ’ ಎಂದು ಹೆಮ್ಮೆಯಿಂದ ಕೊಟ್ಟರು. ಮೊದಲ ಪುಟಗಳೆಲ್ಲ ಸರಿಯಾಗಿದ್ದವು. ಕೊನೆಯ ಪುಟದಲ್ಲಿ ಒಂದೇ ದೊಡ್ಡ ಚಿತ್ರ. ಕೆಳಗೆ ಲಿಫ್ಟಿನ ಬಾಗಿಲು ತೆರೆದಿದೆ, ಸ್ಟೂಲಿನ ಮೇಲೆ ‘ಈಗ ಬಂದೆ’ ಎಂಬ ಚೀಟಿ ಇದೆ, ಕಚೇರಿಯ ದೊಡ್ಡ ಸಾಹೇಬರು ಕಡತಗಳನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಎಲ್ಲಕ್ಕಿಂತ ಮೇಲೆ, ತಾರಸಿಯ ಅಂಚಿನ ಗೋಡೆಗೆ ಒರಗಿ, ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಇಡೀ ಊರನ್ನು ಎದುರಿಗೆ ಹರವಿಕೊಂಡು, ಅವರು ಊಟದ ಡಬ್ಬಿ ತೆರೆಯುತ್ತಿದ್ದಾರೆ.

ನಾನು ಓದಿದ್ದು ಇದಲ್ಲವೆಂದೆ. ಡ್ರೈವರಣ್ಣನ ಮುಖ ಇಳಿದುಹೋಯಿತು. ಯಂತ್ರದ ಅಬ್ಬರದಲ್ಲಿ ಕೊನೆಯದು ಕೇಳಿಸಿರಲಿಲ್ಲವೆಂದೂ, ಮತ್ತೆ ಓದಿ ಎಂದರೆ ನಾನು ನೊಂದುಕೊಳ್ಳಬಹುದೆಂದೂ, ಅಂಥ ಮನುಷ್ಯ ಕೊನೆಗೆ ಇನ್ನೇನು ತಾನೇ ಮಾಡುತ್ತಾರೆಂದು ತಾವೇ ತುಂಬಿಕೊಂಡದ್ದೆಂದೂ ತೊದಲಿದರು. ಉಳಿದವರನ್ನು ವಿಚಾರಿಸಿದೆ. ಔಷಧಿ ಅಂಗಡಿಯವರು ಲಿಫ್ಟಿನವರಿಗೆ ಬಡ್ತಿ ಸಿಕ್ಕಿತೆಂದು ಸಂತೋಷಪಟ್ಟಿದ್ದರಂತೆ. ಟೀಚರಮ್ಮ ಲಿಫ್ಟಿನವರೇ ಕೊಲೆಗಾರರೆಂದು ತಿಳಿದು, ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದೀರಿ ಎಂದು ನನ್ನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದರಂತೆ. ಗಡಿಯಾರದವನು, ಗಿಡದಜ್ಜಿ, ಆ ಪ್ರೇಮಿಗಳು, ನಾನು ಕಷ್ಟಪಟ್ಟು ಕೊಂದವರೊಬ್ಬರೂ ಇವರ ಪಾಲಿಗೆ ಸತ್ತಿರಲಿಲ್ಲ. ಎಲ್ಲರೂ ಬೆಂಚಿನ ಮೇಲೆ ಆರೋಗ್ಯವಾಗಿದ್ದರು. ಕಾಣಿಸದ ಕೊನೆಯ ಸಾಲನ್ನು ಊಹಿಸಿ ಓದುವ ಗಿರಾಕಿಗಳನ್ನು ವಾರವಿಡೀ ಗದರಿಸುವ ನಾನು, ಶನಿವಾರ ಅವರದೇ ಜಾತಿಯವರ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

ಸಿಟ್ಟು ನೆತ್ತಿಗೇರಿತು. ಡ್ರೈವರಣ್ಣನ ಮೇಲೆ ತೋರಿಸಲು ಮನಸ್ಸು ಬಾರದೆ ತಮ್ಮ ಮೇಲೆ ತಿರುಗಿಸಿದೆ. ಒಬ್ಬ ಗಂಭೀರ ಲೇಖಕಿಯನ್ನು ಹಾಸ್ಯಗಾರ್ತಿ ಮಾಡಿದ ಈ ರಾಕ್ಷಸನನ್ನು ಮೊದಲು ರಿಪೇರಿ ಮಾಡಿಸಿ ಎಂದು ಲಾಂಡ್ರಿಯ ಅಕ್ಕನ ಬೆನ್ನು ಬಿದ್ದೆ. ಅವರಿಗೆ ಇದರ ತಲೆಬುಡ ಅರ್ಥವಾಗದಿದ್ದರೂ ನನ್ನ ಕಾಟ ತಡೆಯಲಾರದೆ ಮೆಕ್ಯಾನಿಕ್ಕನ್ನು ಕರೆಸಿದರು. ‘ತಪ್ಪಾಗಿದ್ರೆ ಹರಿದು ಹಾಕ್ತೀನಿ ಅಕ್ಕಾ, ಹೊಸದು ಬರ್ಕೊಡ್ತೀನಿ’ ಎಂದು ಆ ಸಂಜೆಯೇ ಡ್ರೈವರಣ್ಣ ಪುಟಕ್ಕೆ ಕೈಹಾಕಿದಾಗ, ಒಂದು ದಿನ ನನ್ನ ಹತ್ತಿರ ಇರಲಿ ಎಂದು ಕಿತ್ತುಕೊಂಡು ಮನೆಗೆ ಹೋದೆ. ಏಕೆ ಕಿತ್ತುಕೊಂಡೆನೆಂದು ಆಗ ಗೊತ್ತಿರಲಿಲ್ಲ.

ಮನೆಯಲ್ಲಿ ಅದನ್ನು ಊಟದ ಮೇಜಿನ ಮೇಲೆ ಮರೆತಿದ್ದೆ. ಅಮ್ಮ ಕನ್ನಡಕ ಏರಿಸಿಕೊಂಡು ಅದರ ಮುಂದೆ ಬಹಳ ಹೊತ್ತು ಕೂತಿದ್ದರು. ಇದು ಯಾರೆಂದು ನಾನು ಹೇಳಿಲ್ಲ, ಅವರು ಕೇಳಲೂ ಇಲ್ಲ. ಕಡೆಗೆ, ‘ಬೂಟು ಬಿಚ್ಚದೆ ಇವರಿಗೆ ಅನ್ನ ಇಳೀತಿರ್ಲಿಲ್ಲ ಅಂತ ಆ ಹುಡುಗನಿಗೆ ಯಾರು ಹೇಳಿದ್ರು?’ ಎಂದರು. ಯಾರೂ ಹೇಳಿಲ್ಲ. ದಿನವಿಡೀ ಒಂದೇ ಸೀಟಿನಲ್ಲಿ ಕೂರುವ ಡ್ರೈವರಣ್ಣನಿಗೆ ಅದು ತಾನಾಗಿ ಗೊತ್ತಿತ್ತು. ಅಮ್ಮ ಮೆಟ್ಟಿಲ ಮೇಲಿನ ಸಾಹೇಬರನ್ನು ನೋಡಿ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು, ಆಮೇಲೆ ಈ ಶನಿವಾರ ಕಥೆ ಕೇಳಲು ತಾವೂ ಬರುವುದಾಗಿ ಹೇಳಿದರು. ನನಗೆ ಇದ್ದಕ್ಕಿದ್ದಂತೆ ಅಪ್ಪ ಇಷ್ಟು ವರ್ಷ ನನ್ನ ಕೊನೆಯ ಪ್ಯಾರಾದಲ್ಲಿ ಆ ಸ್ಟೂಲಿನ ಮೇಲೆಯೇ ಕೂತಿದ್ದಾರೆನ್ನಿಸಿತು. ಅವರನ್ನು ಅಲ್ಲಿಂದ ಏಳಲು ಬಿಡದಿದ್ದವಳು ನಾನೇ. ಆ ರಾತ್ರಿಯೇ ಪ್ಯಾರಾ ಹೊಡೆದುಹಾಕಿ, ಡ್ರೈವರಣ್ಣನ ಚಿತ್ರದಲ್ಲಿದ್ದುದನ್ನು ನನ್ನ ಮಾತಿನಲ್ಲಿ ಬರೆದೆ. ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ಅದಕ್ಕೆ ಮೊದಲು, ಶನಿವಾರ, ಅದನ್ನು ಎಲ್ಲರೆದುರು ಓದಬೇಕು.

ಮಾನ್ಯರೇ, ಮನೆಯಲ್ಲಿ ಒಬ್ಬಳೇ ಓದಿ ನೋಡಿದೆ. ಅಪ್ಪ ಮೆಟ್ಟಿಲು ಹತ್ತುವವರೆಗೆ ಓದುತ್ತೇನೆ, ಬೂಟು ಬಿಚ್ಚುವಲ್ಲಿಗೆ ನನ್ನ ದನಿ ಕೈಕೊಡುತ್ತದೆ. ಎಷ್ಟೋ ಸಾವುಗಳನ್ನು ಗಟ್ಟಿ ದನಿಯಲ್ಲಿ ಓದಿದವಳು ಒಬ್ಬರ ಊಟವನ್ನು ಓದಲಾರದೆ ಬಿಕ್ಕಿದರೆ ನನ್ನ ಮರ್ಯಾದೆಯ ಗತಿ ಏನು? ಇಂಥ ಹೊತ್ತಿನಲ್ಲಿ ನನ್ನ ನೆರವಿಗೆ ಬರಬೇಕಾಗಿದ್ದ ತಾವು ಈಗ ಹಾಲು ಕುಡಿದ ಮಗುವಿನ ಹಾಗೆ ಮಲಗಿಕೊಂಡು ಬಟ್ಟೆ ಹಿಂಡುತ್ತಿದ್ದೀರಿ. ಆದ್ದರಿಂದ ನನ್ನ ಹಿಂದಿನ ದೂರನ್ನು ಕೈಮುಗಿದು ಹಿಂತೆಗೆದುಕೊಂಡು ಬೇಡುವುದೇನೆಂದರೆ, ತಾವು ದಯಮಾಡಿ ಶನಿವಾರದೊಳಗೆ ಕೆಡಬೇಕು. ಪೂರ್ತಿ ಕೆಡುವುದು ಬೇಡ, ಹಿಂದೆ ಇದ್ದಷ್ಟೇ ಸಾಕು. ಗೋಡೆ ಬಿಟ್ಟು ಒಂದೆರಡು ಹೆಜ್ಜೆ ಮುಂದೆ ಬಂದರೆ ಸಂತೋಷ, ಗಾಜು ಒಡೆದರೂ ನಾನು ಸಾಕ್ಷಿ ಹೇಳುವುದಿಲ್ಲ. ಅಮ್ಮನ ಕೈಯಲ್ಲಿ ಚಿತ್ರವಿರುತ್ತದೆ, ಅವರಿಗೆ ಕೊನೆ ಗೊತ್ತು. ಉಳಿದವರಿಗೆ ಹೇಗೂ ಊಹಿಸುವ ಅಭ್ಯಾಸವಿದೆ. ಇದನ್ನು ಓದುವ ಡ್ರೈವರಣ್ಣ ಓದಿಲ್ಲದವರ ಹಾಗೆ ಇರತಕ್ಕದ್ದು, ಚಪ್ಪಾಳೆ ಮಾತ್ರ ಎಂದಿನಂತೆ ತಟ್ಟತಕ್ಕದ್ದು.

ತಮ್ಮ ವಿಶ್ವಾಸಿಯೂ, ತಮ್ಮ ಕೃಪೆಯಿಂದ ಹೆಸರು ಪಡೆದವಳೂ ಆದ,
ನಗುವಿನಕ್ಕ

ತಾ.ಕ.: ಈ ಭಾಗವನ್ನು ಕಾಗದದ ಹಿಂಬದಿಗೆ ಬರೆದು ತಮ್ಮ ಎದೆಗೆ ಆನಿಸಿ ಅಂಟಿಸುತ್ತಿರುವುದರಿಂದ ತಾವೊಬ್ಬರೇ ಓದಬಹುದು, ಲಾಂಡ್ರಿಯ ಅಕ್ಕನಿಗೆ ತೋರಿಸಬೇಡಿ. ತಮ್ಮ ಹೊಟ್ಟೆಯೊಳಗೆ ಗಲಾಟೆ ಎಬ್ಬಿಸುತ್ತಿದ್ದ ವಸ್ತುವೆಂದು ಮೆಕ್ಯಾನಿಕ್ ಹೊರತೆಗೆದು ಮೇಜಿನ ಮೇಲಿಟ್ಟಿದ್ದ ಪೆನ್ನಿನ ಲೋಹದ ಮುಚ್ಚಳ ನನ್ನದೇ. ಯಾರೂ ಇಲ್ಲದಾಗ ಎತ್ತಿಕೊಂಡಿದ್ದೇನೆ. ಶನಿವಾರ ಅದು ಅಮ್ಮನ ದಿಂಬಿನ ಚೀಲದ ಮೂಲೆಯಲ್ಲಿರುತ್ತದೆ. ನಮ್ಮ ಮನೆಯ ಕಾಲುಚೀಲಗಳನ್ನು ಕೇಳದೆಯೇ ನುಂಗುತ್ತ ಬಂದಿರುವ ತಮಗೆ, ಇದೊಂದನ್ನು ಕೇಳಿಕೊಂಡ ಮೇಲೆ ನುಂಗುವುದು ಕಷ್ಟವಾಗಲಾರದೆಂದು ನಂಬಿದ್ದೇನೆ.