ಕೂತ ಕಾರು, ಕೂರದ ಮೇಷ್ಟ್ರು

ಬೇರೆಯವರ ಮನೆಯಲ್ಲಿ ಏನಾದರೂ ಕೆಟ್ಟರೆ ರಿಪೇರಿಯವನು ಬರುತ್ತಾನೆ. ನಮ್ಮ ಮನೆಯಲ್ಲಿ ಕೆಟ್ಟರೆ ಅಕ್ಕಪಕ್ಕದವರು ಬರುತ್ತಾರೆ, ತಮಾಷೆ ನೋಡೋದಕ್ಕೆ. ನಮ್ಮನೆಯವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು. ಮಿಕ್ಸಿ, ಗೀಸರ್, ಯುಪಿಎಸ್ಸು, ಒಂದನ್ನೂ ಹೊರಗಿನವರ ಕೈಗೆ ಕೊಡೋದಿಲ್ಲ. ಹಾಗಾಗಿ ಬಸವೇಶ್ವರನಗರದ ನಮ್ಮ ಬೀದಿಗೆ ಮನರಂಜನೆಗೆ ಯಾವತ್ತೂ ಬರ ಬಂದಿಲ್ಲ. ಈ ಸಲದ್ದು ಕಾರಿನ ಪ್ರಸಂಗ.

ಮೈಸೂರಿಗೆ ಮನೆ ಬದಲಾಯಿಸುತ್ತಿದ್ದ ಡಾಕ್ಟರೊಬ್ಬರಿಂದ ಇವರು ಹಳೇ ಫಾರಿನ್ ಕಾರೊಂದನ್ನು ತಗೊಂಡರು. ಅದರ ವಿಶೇಷ ಏನಪ್ಪಾ ಅಂದರೆ, ಹಿಂದಿನ ಚಕ್ರಗಳ ಹತ್ತಿರ ಸ್ಪ್ರಿಂಗೇ ಇಲ್ಲ. ಎರಡು ರಬ್ಬರ್ ಚೀಲ, ಅದರ ತುಂಬ ಗಾಳಿ. ಗಾಳಿ ತುಂಬೋದಕ್ಕೆ ಒಂದು ಪುಟ್ಟ ಕಂಪ್ರೆಸರ್. ಗಾಳಿ ಇದ್ದರೆ ಕಾರಿನ ಹಿಂಭಾಗ ನಿಲ್ಲುತ್ತೆ, ಹೋದರೆ ಕೂರುತ್ತೆ.

ವಿಷಯ ಕೇಳಿ ಕೆಂಗೇರಿಯಲ್ಲಿರೋ ನನ್ನ ತಂಗಿ ಗಂಡ ಫೋನಲ್ಲೇ ನಕ್ಕರು. "ಅಕ್ಕ, ಭಾವ ತಗೊಂಡಿದ್ದು ಕಾರೋ, ಗುಜರೀನೋ?" ಅಂದರು. ನನಗೆ ಮೈಯೆಲ್ಲ ಉರಿದುಹೋಯ್ತು. ಬರೋ ಭಾನುವಾರ ಅವರ ಹೊಸ ಮನೆ ಗೃಹಪ್ರವೇಶ. "ಅದೇ ಗುಜರೀಲಿ ನಿಮ್ಮನೆ ಬಾಗಿಲಿಗೆ ಬಂದಿಳೀತೀನಿ, ನೋಡ್ತಾ ಇರಿ" ಅಂತ ಹೇಳಿ ಫೋನ್ ಇಟ್ಟೆ. ಸಾಲದ್ದಕ್ಕೆ ಇನ್ನಿಬ್ಬರು ತಂಗಿಯರಿಗೂ ಫೋನ್ ಮಾಡಿ ಅದನ್ನೇ ಹೇಳಿದೆ.

ಸೋಮವಾರ ಬೆಳಗ್ಗೆ ರಂಗೋಲಿ ಹಾಕೋಕೆ ಬಾಗಿಲು ತೆಗೆದರೆ, ಕಾರು ಮೂತಿ ಮೇಲೆತ್ತಿ, ಹಿಂಭಾಗವನ್ನು ನೆಲಕ್ಕೆ ಊರಿ ಕೂತಿತ್ತು.

ಗಾಳಿ ತುಂಬಿಸಿದವನು

ಎದುರುಮನೆ ರಿಟೈರ್ಡ್ ಬ್ಯಾಂಕ್ ಆಫೀಸರು ಕಾಫಿ ಲೋಟ ಹಿಡಿದೇ ಬಂದರು. ಡಿಕ್ಕಿಯಲ್ಲಿ ಎಷ್ಟು ಮೂಟೆ ಅಕ್ಕಿ ಇದೆ ಅಂತ ಕೇಳಿದರು. ಇವರು ಡಿಕ್ಕಿ ತೆಗೆದು ಖಾಲಿ ಇದೆ ಅಂತ ತೋರಿಸಿದರು. ಅವರು ಎರಡು ಸಲ ಬಗ್ಗಿ ನೋಡಿ, ನಂಬದೇ ಹೋದರು.

ನಾನು ಸುಮ್ಮನಿರಲಾರದೆ ಮಾಗಡಿ ರೋಡಿನ ಪಂಕ್ಚರ್ ಅಂಗಡಿಯವನಿಗೆ ಫೋನ್ ಮಾಡಿ, ಕಾರಿನ ಹಿಂದೆ ಗಾಳಿ ಇಳಿದಿದೆ ಅಂದೆ. ಸುಳ್ಳೇನಲ್ಲವಲ್ಲ. ಅವನು ಪಂಪು ಕಟ್ಟಿಕೊಂಡು ಬಂದ. ಇವರು ಅವನನ್ನು ಗೇಟಲ್ಲೇ ನಿಲ್ಲಿಸಿ, ಗಾಳಿಯ ಒತ್ತಡ ಅಂದರೇನು, ರಬ್ಬರ್ ಚೀಲ ಹೇಗೆ ತೂಕ ಹೊರುತ್ತೆ ಅಂತ ಇಪ್ಪತ್ತು ನಿಮಿಷ ಪಾಠ ಮಾಡಿದರು. ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬೇರೆ ಬರೆದರು. ಅವನು ಕೈಕಟ್ಟಿ ನಿಂತು ಎಲ್ಲದಕ್ಕೂ ಹೂಂಗುಟ್ಟಿದ. ಗಾಡಿ ಕೆಳಗೆ ಮಾತ್ರ ಯಾರೂ ಕೈ ಹಾಕಕೂಡದು, ಅದನ್ನು ನಾನೇ ನೋಡ್ಕೋತೀನಿ ಅಂತ ಹೇಳಿ ಇವರು ಸ್ನಾನಕ್ಕೆ ಹೋದರು.

ವಾಪಸ್ ಬರುವಷ್ಟರಲ್ಲಿ ಅವನು ನಾಲ್ಕೂ ಟೈರಿಗೆ ಗಾಳಿ ಹೊಡೆದು ಮುಗಿಸಿದ್ದ. ಟೈರುಗಳು ಕಲ್ಲಿನ ಹಾಗಾಗಿದ್ದವು, ಕಾರು ಕೂತೇ ಇತ್ತು. ಇಷ್ಟು ಹೊತ್ತು ನಾನು ಹೇಳಿದ್ದೇನು, ನೀನು ಮಾಡಿದ್ದೇನು ಅಂತ ಇವರು ಕೇಳಿದರು. ಅವನು ಪಂಪು ಸುತ್ತಿಕೊಳ್ಳುತ್ತಾ ಹೇಳಿದ, "ಪಾಠ ಚೆನ್ನಾಗಿತ್ತು ಸಾರ್. ನನಗೆ ಬರೋದು ಇದೊಂದೇ ಕೆಲಸ."

ಸೋಪಿನ ಪ್ರಯೋಗ

ಮಂಗಳವಾರ ಮೊಬೈಲಲ್ಲಿ ವಿಡಿಯೋ ನೋಡಿ ಇವರಿಗೊಂದು ಉಪಾಯ ಹೊಳೆಯಿತು. ಗಾಳಿ ಚೀಲಕ್ಕೆ ಸೋಪಿನ ನೀರು ಹೊಡೀಬೇಕು, ತೂತಿದ್ದ ಕಡೆ ಗುಳ್ಳೆ ಏಳುತ್ತೆ. ನನ್ನ ಪಾತ್ರೆ ತೊಳೆಯೋ ಸೋಪು ಅರ್ಧ ಬಾಟಲಿ ಖಾಲಿಯಾಯ್ತು. ಇಸ್ತ್ರಿಗೆ ನೀರು ಚಿಮುಕಿಸೋ ಬಾಟಲಿಯೂ ಹೋಯ್ತು. ಕಾರಿಗೆ ಜಾಕ್ ಕೊಟ್ಟು, ಚಕ್ರಕ್ಕೆ ಇಟ್ಟಿಗೆ ಒರಗಿಸಿ, ಚಾಪೆ ಹಾಸಿ, ತಲೆಯಿಂದ ಸೊಂಟದವರೆಗೆ ಒಳಗೆ ನುಗ್ಗಿದರು. ಹೊರಗೆ ಕಾಣುತ್ತಿದ್ದದ್ದು ಪಂಚೆ ಮತ್ತು ಎರಡು ಪಾದ ಅಷ್ಟೇ.

ಗುಳ್ಳೆ ಏಳೋದಕ್ಕೆ ಐದು ನಿಮಿಷ ಕಾಯಬೇಕಂತೆ. ಇವರು ಉಸಿರು ಬಿಗಿಹಿಡಿದು ಕಾಯ್ತಿದ್ದರು. ಅಷ್ಟರಲ್ಲಿ ನಮ್ಮ ಕೆಲಸದಾಕೆ ಬಂದಳು. ಕಾರಿನ ಆ ಬದಿಯಿಂದ ಸೋಪಿನ ನೊರೆ ಇಳಿದು ಮೆಟ್ಟಿಲವರೆಗೆ ಹರಿದಿತ್ತು. ಅವಳಿಗೆ ಕಂಡದ್ದು ನೊರೆ ಮಾತ್ರ, ಪಾದ ಇದ್ದದ್ದು ಈ ಬದಿಯಲ್ಲಿ. ಪೈಪು ಎಳೆದು, ನಲ್ಲಿ ಪೂರ್ತಿ ತಿರುಗಿಸಿ, ಕಾರಿನ ಕೆಳಗೆಲ್ಲ ನೀರು ಬಿಟ್ಟಳು.

ಒಳಗಿಂದ ಬಂದ ಶಬ್ದವನ್ನು ನಾನು ಇಲ್ಲಿ ಬರೆಯೋದಿಲ್ಲ. ಇವರು ಒದ್ದೆ ಬೆಕ್ಕಿನ ಹಾಗೆ ಹೊರಗೆ ಬಂದು, "ನನ್ನ ಪ್ರಯೋಗ, ನನ್ನ ಗುಳ್ಳೆ" ಅಂತ ತೊದಲಿದರು. ನಾನು ಅಡುಗೆಮನೆಗೆ ಓಡಿಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಕೆಲಸದಾಕೆ ನನ್ನ ಹಿಂದೆಯೇ ಬಂದು ಪಿಸುಗುಟ್ಟಿದಳು, "ಅಮ್ಮಾ, ಸಾರ್‌ನ ಇನ್ಮೇಲೆ ಒಬ್ರನ್ನೇ ಸ್ನಾನಕ್ಕೆ ಬಿಡ್ಬೇಡಿ. ಗಾಡಿ ಕೆಳಗೆ ಹೋಗಿ ಸೋಪು ಹಚ್ಕೊಂಡು ಮಲಗಿದ್ರು."

ಕರೆಂಟ್ ಹೋದರೆ ನಿಲ್ಲುವ ಕಾರು

ಗುರುವಾರದ ಹೊತ್ತಿಗೆ ಇವರ ಅನುಮಾನ ಕಂಪ್ರೆಸರ್ ಮೇಲೆ ಬಂತು. ಅದು ಓಡುತ್ತಾ ಇದೆಯೋ ಇಲ್ಲವೋ ಕೇಳಬೇಕು. ಕೀ ತಿರುಗಿಸಿ, ಡಿಕ್ಕಿಗೆ ಕಿವಿ ಕೊಟ್ಟು ಕೂತರು. ಆ ಕಡೆಯಿಂದ ತರಕಾರಿ ಗಾಡಿಯ ಮೈಕು, ಈ ಕಡೆಯಿಂದ ಯಾರದೋ ಕುಕ್ಕರು. ಇವರು ಗೇಟಿನ ಹೊರಗೆ ಹೋಗಿ ತರಕಾರಿಯವನ ಮೈಕು ಆಫ್ ಮಾಡಿಸಿದರು. ಅದಕ್ಕೆ ಅವನು ಎರಡು ಕಟ್ಟು ದಂಟಿನ ಸೊಪ್ಪು ಮಾರಿ ಹೋದ.

ಕೊನೆಗೆ ಇವರ ಮುಖ ಅರಳಿತು. ನನ್ನನ್ನೂ ಕರೆದು ಕೇಳಿಸಿದರು. ಹೌದು, ಗುರ್ ಅಂತ ಒಂದೇ ಸಮನೆ ಶಬ್ದ. ಕಂಪ್ರೆಸರ್ ಗಟ್ಟಿಮುಟ್ಟಾಗಿದೆ, ಇನ್ನರ್ಧ ಗಂಟೇಲಿ ಗಾಡಿ ತಾನಾಗೇ ಏಳುತ್ತೆ, ನೀನು ಭಾನುವಾರಕ್ಕೆ ಸೀರೆ ತೆಗೆದಿಡು ಅಂದರು. ನಾನು ಪಾಪದವಳು, ಮೈಸೂರು ರೇಷ್ಮೆ ತೆಗೆದು ಇಸ್ತ್ರಿಗೆ ಕೊಟ್ಟೂಬಿಟ್ಟೆ.

ಇಪ್ಪತ್ತು ನಿಮಿಷ ಇಬ್ಬರೂ ಆ ಶಬ್ದ ಕೇಳ್ತಾ ಕೂತೆವು. ಆಮೇಲೆ ಕರೆಂಟ್ ಹೋಯ್ತು. ಕಂಪ್ರೆಸರೂ ನಿಂತಿತು.

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಆಂಟಿ ಯಾರಿಗೋ ಹೇಳುತ್ತಿದ್ದರು, "ಗ್ರೈಂಡರಲ್ಲಿ ದೋಸೆ ಹಿಟ್ಟು ಅರ್ಧಂಬರ್ಧ ರುಬ್ಬಿತ್ತು, ಈಗಲೇ ಹೋಗ್ಬೇಕಾ ಈ ಕರೆಂಟು."

ಸಾಷ್ಟಾಂಗ ನಮಸ್ಕಾರ

ಶುಕ್ರವಾರ ನನ್ನ ತಾಳ್ಮೆ ಮುಗಿಯಿತು. ಆಟೋದಲ್ಲಿ ಕೆಂಗೇರಿಗೆ ಹೋಗಿ ಇಳಿದರೆ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತೆ. ಇವರಿಗೆ ಗೊತ್ತಾಗದ ಹಾಗೆ ಒಬ್ಬನಿಗೆ ಫೋನ್ ಮಾಡಿದೆ. ಇವರ ಹಳೇ ಶಿಷ್ಯ, ಎಸ್ಸೆಸ್ಸೆಲ್ಸಿಯಲ್ಲಿ ಇವರ ಸಬ್ಜೆಕ್ಟಿನಲ್ಲೇ ಎರಡು ಸಲ ಡುಮ್ಕಿ ಹೊಡೆದವನು. ಈಗ ನಲವತ್ತು ದಾಟಿದೆ, ಬ್ಯಾಡರಹಳ್ಳಿಯಲ್ಲಿ ಸ್ವಂತ ಗ್ಯಾರೇಜಿದೆ, ಇಂಥ ಕಾರುಗಳನ್ನೇ ನೋಡುತ್ತಾನೆ. ರಿಪೇರಿಗೆ ಬಂದೆ ಅಂತ ಮಾತ್ರ ಬಾಯಿ ಬಿಡಬೇಡಪ್ಪ ಅಂದೆ. ಅವನಂದ, "ಮೇಡಂ, ಸಾರ್ ಎದುರು ನಿಂತು ನೀವು ಮಾಡಿದ್ದು ತಪ್ಪು ಅನ್ನೋ ಧೈರ್ಯ ನಂಗೆ ಈಗಲೂ ಇಲ್ಲ. ನೋಡೋಣ, ಏನಾದ್ರೂ ಮಾಡ್ತೀನಿ."

ಶನಿವಾರ ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಇಸ್ತ್ರಿ ಮಾಡಿದ ಬಿಳೀ ಶರ್ಟಲ್ಲಿ, ಕೈಯಲ್ಲಿ ಬಾಳೆಹಣ್ಣು ಹಿಡಿದು ಬಂದ. ಈ ಕಡೆ ಬಂದಿದ್ದೆ ಸಾರ್, ಆಶೀರ್ವಾದ ತಗೊಂಡು ಹೋಗೋಣ ಅಂತ ಅಂದ. ಇವರು ಕಾರಿನ ಹಿಂದಿನ ಚಕ್ರದ ಪಕ್ಕ ನಿಂತಿದ್ದರು. ಅವನು ಅಲ್ಲೇ ನೆಲದ ಮೇಲೆ ಉದ್ದಕ್ಕೆ ಅಡ್ಡಬಿದ್ದ. ಬಿದ್ದವನು ಏಳಲಿಲ್ಲ. ಮುಖ ಮಾತ್ರ ಕಾರಿನ ಕೆಳಗೆ ತಿರುಗಿತು. ಏಳಪ್ಪ, ಏಳು ಅಂತ ಇವರು ಮೂರು ಸಲ ಹೇಳಿದ ಮೇಲೆ ಎದ್ದ.

ಆಮೇಲೆ ಇವರನ್ನು ಕೈಹಿಡಿದು ಕಾರಿನ ಆ ಬದಿಗೆ ಕರೆದುಕೊಂಡು ಹೋದ. ಪೂರ್ವಕ್ಕೆ ಮುಖ ಮಾಡಿ ನಿಂತ ಗುರುಗಳಿಗೆ ನಮಸ್ಕಾರ ಮಾಡಿದರೆ ಶ್ರೇಯಸ್ಸಂತೆ ಅಂದ. ಇವರಿಗೆ ಖುಷಿಯೋ ಖುಷಿ. ಅಲ್ಲೂ ಅಡ್ಡಬಿದ್ದ. ಮೂರನೇ ಸಲ ಡಿಕ್ಕಿಯ ಹಿಂದೆ. ಈ ಸಲ ಮೊಬೈಲ್ ಟಾರ್ಚ್ ಹಾಕಿಕೊಂಡು ಬಿದ್ದ.

"ನಮಸ್ಕಾರಕ್ಕೆ ಟಾರ್ಚ್ ಯಾಕೋ?" ಅಂತ ಇವರು ಕೇಳಿದರು.

ಅವನು ಮಲಗಿದ ಕಡೆಯಿಂದಲೇ, ಒಂದು ಡೌಟಿದೆ ಸಾರ್ ಅಂದ. ಚಕ್ರದ ಹತ್ತಿರ ಒಂದು ಸಣ್ಣ ಕಡ್ಡಿ ಇರುತ್ತಲ್ಲ, ಗಾಡಿ ಎಷ್ಟು ಎತ್ತರಕ್ಕಿದೆ ಅಂತ ಅಳೆಯೋದು, ಅದನ್ನ ಯಾರಾದರೂ ದಾರ ಕಟ್ಟಿ ಕೆಳಕ್ಕೆ ಜಗ್ಗಿದರೆ ಏನಾಗುತ್ತೆ ಅಂತ ಕೇಳಿದ. ಇವರು ಕ್ಲಾಸಿನಲ್ಲಿದ್ದ ಹಾಗೇ ಶುರುಮಾಡಿದರು. ಗಾಡಿ ತಾನು ಜಾಸ್ತಿ ಎತ್ತರದಲ್ಲಿದೀನಿ ಅಂದ್ಕೊಳುತ್ತೆ, ಆಗ ಕಂಪ್ರೆಸರ್ ಓಡಲ್ಲ, ಇರೋ ಗಾಳೀನೂ ಬಿಟ್ಟುಬಿಡುತ್ತೆ, ಗಾಡಿ ಕೂರುತ್ತೆ... ಅಲ್ಲಿಗೆ ಇವರ ಮಾತು ನಿಂತಿತು. ಮುಖದ ಬಣ್ಣವೂ ಇಳಿಯಿತು.

ನಾನು ಬಗ್ಗಿ ನೋಡಿದೆ. ಕಡ್ಡಿಗೆ ಕಪ್ಪು ದಾರ ಬಿಗಿದು ಕಟ್ಟಿತ್ತು. ದಾರದಲ್ಲಿ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ, ಎಲ್ಲಾ ಒಣಗಿ ಮುದುರಿದ್ದವು.

ಈಗ ಒಂದು ವಿಷಯ ಹೇಳಬೇಕು. ಕಾರು ಮನೆಗೆ ಬಂದ ದಿನ ದೃಷ್ಟಿಗೆ ಅಂತ ನಾನು ಮುಂಭಾಗಕ್ಕೆ ಇದನ್ನೇ ಕಟ್ಟಿದ್ದೆ. ಇವರು ಅದನ್ನು ಕಿತ್ತು ಬಿಸಾಡಿ, ಇಡೀ ಬೀದಿಗೆ ಕೇಳೋ ಹಾಗೆ ಮೂಢನಂಬಿಕೆ ಬಗ್ಗೆ ಭಾಷಣ ಮಾಡಿದ್ದರು. ಹಾಗಾದರೆ ಕೆಳಗೆ ಕಟ್ಟಿದ್ದು ಯಾರು? ನಾನಲ್ಲ. ಹೋದ ಭಾನುವಾರ ಅಮಾವಾಸ್ಯೆ, ಸಂಜೆ ಇವರು ನಟ್ಟು ಬೋಲ್ಟು ನೋಡ್ತೀನಿ ಅಂತ ಕಾರಿನ ಕೆಳಗೆ ಹೋಗಿದ್ದರು. ವಾರವಿಡೀ ಗಾಡಿ ಕೆಳಗೆ ಯಾರನ್ನೂ ಯಾಕೆ ಬಿಡಲಿಲ್ಲ ಅನ್ನೋದು ನನಗೆ ಆಗ ಹೊಳೆಯಿತು. ನಾನು ಇವರನ್ನೇ ನೋಡಿದೆ. ಇವರು ಪಕ್ಕದ ಮನೆ ನೀರಿನ ಟ್ಯಾಂಕ್ ನೋಡುತ್ತಿದ್ದರು.

ಶಿಷ್ಯ ಬ್ಲೇಡು ತೆಗೆದು, "ಕತ್ತರಿಸ್ಲಾ ಸಾರ್?" ಅಂದ.

ಇವರು ವಾಚು ನೋಡಿಕೊಂಡರು. ಗಂಟಲು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು, "ಒಂದ್ಹತ್ತು ನಿಮಿಷ ತಡಿಯೋ. ರಾಹುಕಾಲ ಮುಗೀಲಿ."

ಹತ್ತೂವರೆಗೆ ದಾರ ಕತ್ತರಿಸಿ ಕೀ ತಿರುಗಿಸಿದ. ನಿಜವಾದ ಕಂಪ್ರೆಸರ್ ಗುಯ್ ಅಂತು. ಕಾರು ನಿಧಾನಕ್ಕೆ ಹಿಂಭಾಗ ಎತ್ತಿ ನಿಂತಾಗ ನನಗೆ ಕಣ್ಣಲ್ಲಿ ನೀರೇ ಬಂತು. ಶಿಷ್ಯನಿಗೆ ಹೊಟ್ಟೆ ತುಂಬ ತಿಂಡಿ ಹಾಕಿ ಕಳಿಸಿದೆ.

ಭಾನುವಾರ ಕೆಂಗೇರಿಯಲ್ಲಿ ಮಾವಿನ ತೋರಣದ ಬಾಗಿಲಿಗೇ ಕಾರು ನಿಲ್ಲಿಸಿ ಇಳಿದೆವು. ತಂಗಿ ಗಂಡ ಜರಿ ಪಂಚೆ ಉಟ್ಟು ಬಾಗಿಲಲ್ಲೇ ನಿಂತಿದ್ದರು. ಕಾರು ವಾರವಿಡೀ ಕೂತಿದ್ದ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. ಕಾರನ್ನು ಒಂದು ಸುತ್ತು ಹಾಕಿ, ನೆಂಟರೆಲ್ಲ ಕೇಳೋ ಹಾಗೆ ಕೇಳಿದರು, "ಏನು ಭಾವ, ಎದ್ದು ನಿಂತಿದೆ? ಏನಾಗಿತ್ತಂತೆ ಗಾಡಿಗೆ?"

ಇವರು ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡೆ. ನೀವೇ ಹೇಳಿ ಮೇಷ್ಟ್ರೇ, ನೋಡೋಣ ಅಂತ ಮನಸ್ಸಲ್ಲೇ ಅಂದುಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನನ್ನ ಗಂಡ ಅವರ ಭುಜದ ಮೇಲೆ ಕೈಯಿಟ್ಟು ನಿಧಾನವಾಗಿ ಹೇಳಿದರು:

"ದೃಷ್ಟಿ ಆಗಿತ್ತು ಕಣಪ್ಪ. ಯಾರದ್ದು ಅಂತ ಇನ್ನೂ ಗೊತ್ತಾಗಿಲ್ಲ. ಕೆಂಗೇರಿ ಕಡೆಯಿಂದ ಬಂದಿತ್ತು."