ಬಾಕಿಗೆ ಕೊನೇ ತಿಥಿ

ಇಲ್ಲ ಕಣಪ್ಪ, ಮನುಷ್ಯ ಸತ್ತ ಅಂತ ಅವನ ಸಾಲ ಸಾಯಲ್ಲ. ಹಂಗಂತ ಹೆಂಡ್ತಿ ಕಿವಿ ಓಲೆ ಬಿಚ್ಚಿಸ್ಕೊಂಡು ಹೋಗಂಗೂ ಇಲ್ಲ. ಸತ್ತೋನು ಬಿಟ್ಟೋಗಿರೋದ್ರಲ್ಲಿ ಮಾತ್ರ ವಸೂಲಿ. ಅದೂ ವಾಯ್ದೆ ಒಳಗೆ ಕೇಸು ಹಾಕ್ಬೇಕು, ಸಾಮಾನ್ಯವಾಗಿ ಮೂರು ವರ್ಷ.

ನೀವ್ಯಾರೂ ಕೇಳ್ಲಿಲ್ಲ, ಗೊತ್ತು. ಬಿ.ಕಾಂ. ಅರ್ಧಕ್ಕೆ ಬಿಟ್ಟು ಚಿಕ್ಕಬಳ್ಳಾಪುರದ ಲಾಯರ್ ಒಬ್ಬರ ಹತ್ರ ಟೈಪ್ ಮಾಡೋಕೆ ಸೇರ್ಕೊಂಡು, ಬಂದೋರಿಗೆಲ್ಲಾ ಇದನ್ನೇ ಹೇಳಿ ಹೇಳಿ, ಈಗ ಮನೇಲಿ ಅನ್ನಕ್ಕೆ ಕೂತ್ರೂ ಬಾಯಿಂದ ಇದೇ ಬರುತ್ತೆ. ನಮ್ಮ ಕಡೆ ಹೆಣ ಹೊರೋಕೆ ನಾಲ್ಕು ಜನ ಸಿಗಲ್ಲ, ಬಾಕಿ ಕೇಳೋಕೆ ನಲವತ್ತು ಜನ.

ಪ್ರಕಟಣೆ

ಚಿಕ್ಕಬಳ್ಳಾಪುರ ಆಗತಾನೆ ಜಿಲ್ಲೆ ಆಗಿತ್ತು. ಜಂಗಮಕೋಟೆಯಿಂದ ಒಬ್ಬಮ್ಮ ಬಂದ್ಳು. ಗಂಡ ತೀರ್ಕೊಂಡಿದ್ದ. ಉಳಿದಿದ್ದು ಅವನ ಹೆಸ್ರಲ್ಲಿದ್ದ ಒಂದು ಸೀಮೆ ಹಸು. ಡೈರಿಗೆ ಹಾಲು ಹಾಕಿದ್ರೆ ಊಟ, ಇಲ್ದಿದ್ರೆ ಇಲ್ಲ.

"ದಿನಾ ಒಬ್ಬೊಬ್ಬ ಬಂದು ಹಸು ಹಲ್ಲು ನೋಡ್ಕೊಂಡು ಹೋಗ್ತಾನೆ ಸಾಮಿ. ಚಿಂತಾಮಣಿ ಬಡ್ಡಿಯೋನಂತೂ ಹೊರಕ್ಕೆ ಹೊಡ್ಕೊಂಡೋಗೋದೊಂದು ಬಾಕಿ."

ಲಾಯರ್ರು ಪೇಪರ್‌ಗೆ ಪ್ರಕಟಣೆ ಬರೆಸಿದ್ರು. ಮೃತರಿಂದ ಬಾಕಿ ಬರಬೇಕಾದವರು ದಾಖಲೆ ಸಮೇತ ಬರತಕ್ಕದ್ದು, ಈ ಮಾಸಾಂತ್ಯವೇ ಕೊನೆಯ ತಿಥಿ.

"ಸಾರ್, ಸತ್ತೋರ ವಿಷಯದಲ್ಲಿ ತಿಥಿ ಬೇಡ. ದಿನಾಂಕ ಅಂತ ಹಾಕಣ."

"ಬಿ.ಕಾಂ. ಮುಗಿಸಕ್ಕಾಗ್ದೋನು ನಂಗೆ ಕನ್ನಡ ಹೇಳ್ಕೊಡ್ತೀಯ?"

ತಿಥಿ ಅಂತಲೇ ಟೈಪ್ ಮಾಡ್ದೆ. ಸಂಬಳಾನೂ ಅಷ್ಟೇ ಕೊಡ್ತಿದ್ರು.

ಹುಂಜ

ಮೊದಲು ಬಂದೋನು ತೊಂಡೇಬಾವಿಯೋನು, ಗೌರಿಬಿದನೂರು ಕಡೆಯ, ಸತ್ತೋನ ಸ್ನೇಹಿತ. "ನಮ್ಮ ಹುಂಜ ತಗೊಂಡಿದ್ದ ಸಾರ್. ವಾಪಸ್ ಕೊಟ್ಟಿಲ್ಲ."

"ಹುಂಜ ಈಗೆಲ್ಲಿದೆ?"

"ತಿಂದ್ಬಿಟ್ವಲ್ಲ."

"ತಿಂದ್ವಿ ಅಂದ್ರೆ? ನೀನೂನಾ?"

"ಊಟಕ್ಕೆ ಕರ್ದ. ಬರಲ್ಲ ಅನ್ನಕ್ಕಾಗುತ್ತಾ ಸಾರ್? ನಂದೇ ಹುಂಜ!"

ಸೈಕಲ್ಲು

ಆಮೇಲೆ ಮಂಡಿಕಲ್‌ನಿಂದ ಸತ್ತೋನ ಭಾವಮೈದ ಬಂದ. ರೇಷ್ಮೆ ಹುಳ ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆ ಇರ್ತಾವಲ್ಲ, ಅವನ್ನ ಕೊಟ್ಟಿದ್ನಂತೆ. ಆಗಲೇ ಎಷ್ಟೋ ವರ್ಷ ಆಗಿತ್ತು.

"ಬದುಕಿದ್ದಾಗ ಯಾಕಯ್ಯ ಕೇಳ್ಲಿಲ್ಲ?" ಅಂದ್ರು ಲಾಯರ್ರು.

"ಕೇಳಿದ್ರೆ ನಾನು ಈಸ್ಕೊಂಡಿದ್ದ ಸೈಕಲ್ಲು ಕೇಳ್ತಿದ್ದ ಸಾರ್."

ಮೂಲೇಲಿ ಕೂತಿದ್ದ ಜಂಗಮಕೋಟೆ ಆಯಮ್ಮ ಧಡಕ್ಕನೆ ಎದ್ಲು. "ಅದು ಕಳ್ಳತನ ಆಯ್ತು ಅಂತ ನೀನು ಹೇಳಿದ್ದಕ್ಕೆ ಅವರು ಸಾಯೋವರ್ಗೂ ಹುಡುಕಿದ್ರಲ್ಲೋ!"

ಭಾವಮೈದ ಬಂದಿದ್ದು ಸೈಕಲ್ಲಲ್ಲಿ. ಹೋಗಿದ್ದು ಬಸ್ಸಲ್ಲಿ.

ತಿಥಿ

ಚಿಂತಾಮಣಿ ಬಡ್ಡಿಯೋನು ಮಾತ್ರ ಪ್ರಕಟಣೆ ಆದ್ಮೇಲೆ ಪತ್ತೇನೇ ಇಲ್ಲ. ನಾವೂ ಕೆದಕಲಿಲ್ಲ. ಗಂಡನ ವರ್ಷದ ತಿಥಿಗೆ ಆಯಮ್ಮ ಕರೆದ್ಳು ಅಂತ ಲಾಯರ್ರೂ ನಾನೂ ಜಂಗಮಕೋಟೆಗೆ ಹೋದ್ರೆ, ನಡುಮನೇಲಿ ಎಲೆ ಮುಂದೆ ಕೂತವ್ನೆ ಆಸಾಮಿ! ಜೇಬಲ್ಲಿ ಸಾಲದ ಪ್ರೋನೋಟು, ಪಕ್ಕದಲ್ಲಿ ಹಸು ಕಟ್ಕೊಂಡೋಗೋಕೆ ಹೊಸ ಹಗ್ಗ. ಆಯಮ್ಮ ಹಗ್ಗ ನೋಡ್ಕೊಂಡೇ ಬಡಿಸ್ತಾ ಪಾಯಸ ಎಲೆಯಿಂದಾಚೆ ಸುರೀತಿದ್ಳು.

ಪಾಯಸ ಎರಡು ಸಲ ಹಾಕ್ಸ್ಕೊಂಡು ಪ್ರೋನೋಟು ತೆಗೆದ. "ತಿಥಿಗೆ ಬಾ ಅಂತ ಪೇಪರ್‌ನಾಗೆ ಹಾಕ್ಸಿದ್ರಂತೆ, ಕಟಿಂಗ್ ಶಾಪಲ್ಲಿ ಓದಿ ಹೇಳಿದ್ರು. ಬಂದಿದೀನಿ. ಹಸು ಬಿಚ್ಚಮ್ಮ."

ಲಾಯರ್ರು ಕನ್ನಡಕ ಏರಿಸಿ ನೋಡಿದ್ರು. "ಈ ನೋಟು ಬರೆದು ಮೂರು ವರ್ಷ ಹೋದ ತಿಂಗಳೇ ಮುಗೀತಲ್ಲಯ್ಯ. ಕೇಸು ಹಾಕಿದ್ಯಾ?"

"ತಿಥಿ ಇವತ್ತು ಕದಾ?"

"ಕೊನೇ ತಿಥಿ ಅಂದ್ರೆ ಕೊನೇ ದಿನ ಕಣಯ್ಯ!"

"ಸತ್ತ ಮನೇಲಿ ತಿಥಿ ಅಂದ್ರೆ ಇನ್ನೇನು ಅರ್ಥ ವಕೀಲ್ರೇ?"

ಲಾಯರ್ರು ನನ್ನ ಮುಖ ನೋಡ್ಲಿಲ್ಲ. ನಾನು ಹಪ್ಪಳ ಮುರಿದೆ. "ಬಡ್ಡಿ ತಗೊಂಡಾಗ ಅವನ ಕೈಲಿ ಎಲ್ಲಾದ್ರೂ ಬರೆಸಿ ಸೈನ್ ಹಾಕ್ಸಿದ್ರೆ ವಾಯ್ದೆ ಮುಂದಕ್ಕೆ ಹೋಗ್ತಿತ್ತು," ಅಂದ್ರು ಲಾಯರ್ರು.

"ಬರೆಸಿದ್ರೆ ಎಷ್ಟು ಬಡ್ಡಿ ತಗೊಂಡೆ ಅಂತ ಗೊತ್ತಾಗ್ಬಿಡ್ತಿತ್ತಲ್ಲ!"

ಪಂಕ್ತಿ ಪೂರ್ತಿ ನಕ್ತು. ಬಡ್ಡಿಯೋನು ಕೆಂಪಗಾದ. "ಹಂಗಾದ್ರೆ ನಾನು ಬಂದಿದ್ದು ಯಾತಕ್ಕೆ?"

"ಊಟಕ್ಕೆ ಅಣ್ಣ," ಅಂದ್ಳು ಆಯಮ್ಮ. ವಡೆ ಬುಟ್ಟಿ ಅವನ ಮುಂದೆ ಹಿಡಿದ್ಳು. "ಇನ್ನೊಂದು ವಡೆ ಹಾಕ್ಸ್ಕೋ."

ವಡೆ ಕೈಲಿ ಹಿಡ್ಕೊಂಡೇ ಎದ್ದ. ಬಾಗಿಲ ಹತ್ರ ಹೋಗಿದ್ದ, ಆಯಮ್ಮ ಕೂಗಿದ್ಳು.

"ಅಣ್ಣ, ಹಗ್ಗ ಮರ್ತೋದೆ! ವಾಯ್ದೆ ಒಳಗೆ ಬಂದು ತಗೊಂಡೋಗು."

ಧಡಾರ್ ಅಂತ ಬಾಗಿಲು ಎಳ್ಕೊಂಡು ಹೋದ.